ಕಾರ್ತಿಕಕ್ಕೆ ನಿಂತ ಪರದೆ

ಹೊಳೆದಂಡೆಯ ಮಠವೊಂದರಲ್ಲಿ ಅಡಿವೆಪ್ಪ ಎಂಬ ಶಿಷ್ಯನಿದ್ದ. ದಾಸೋಹದ ಡ್ಯಾಶ್‌ಬೋರ್ಡ್ ನೋಡಿಕೊಳ್ಳುವುದು ಅವನ ಸೇವೆ.

ಊಟಕ್ಕೆ ಬರುವ ಭಕ್ತರು ಹಿಂದಿನ ದಿನವೇ ಫೋನ್ ಮಾಡಿ ಎಷ್ಟು ಜನ ಎಂದು ಹೇಳುತ್ತಿದ್ದರು. ಅವನು ಅದನ್ನು ಕಂಪ್ಯೂಟರಿನಲ್ಲಿ ತುಂಬಿಸುತ್ತಿದ್ದ. ಅಡುಗೆಮನೆಯ ಗೋಡೆಯ ಪರದೆಯಲ್ಲಿ ಆ ಸಂಖ್ಯೆ ಕಾಣುತ್ತಿತ್ತು. ಅದರ ಕೆಳಗೆ, ಯಾರು ಎಷ್ಟು ರೊಟ್ಟಿ ಬಡಿದರು ಎಂಬ ಪಟ್ಟಿ. ಮೇಲೊಂದು ಫಿಲ್ಟರ್, ತಿಂಗಳು ಆರಿಸುವುದಕ್ಕೆ. ಮಠವಲ್ಲವೇ, ಅದರಲ್ಲಿ ಜನವರಿ ಫೆಬ್ರುವರಿ ಇಲ್ಲ, ಚೈತ್ರ, ವೈಶಾಖ. ಯಾವ ಮಾಸ ಒತ್ತಿದರೆ ಆ ಮಾಸದ್ದು, ತಿಥಿಗೆ ಇಷ್ಟೆಂದು ತೋರಿಸುತ್ತಿತ್ತು.

ಅಡಿವೆಪ್ಪನ ಹೆಂಡತಿ ಬಾಳವ್ವ ಕಾರ್ತಿಕದವರೆಗೂ ಅಲ್ಲಿ ರೊಟ್ಟಿ ಬಡಿದಳು. ಮಾರ್ಗಶಿರದಲ್ಲಿ ಜ್ವರ ಬಂತು, ಹೋಗಿಬಿಟ್ಟಳು.

ಈಗ ಮಾಘ. ದಿನವೂ ಅಡುಗೆಯವರು ಬರುವ ಮೊದಲು ಅವನು ಫಿಲ್ಟರನ್ನು ಕಾರ್ತಿಕಕ್ಕೆ ಇಡುತ್ತಿದ್ದ. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಾಳವ್ವ. ಎರಡು ಸಾವಿರದ ಮುನ್ನೂರ ಹನ್ನೆರಡು ರೊಟ್ಟಿ. ಕಣ್ತುಂಬ ನೋಡಿ, ಮತ್ತೆ ಮಾಘಕ್ಕೆ ತರುತ್ತಿದ್ದ. ಹೇಳಿಕೊಂಡಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೂ ಕದ್ದು ನೋಡುತ್ತಿದ್ದ, ಪಾಪ.

ಒಂದು ದಶಮಿಯ ದಿನ ಇನ್ನೊಂದು ಗಳಿಗೆ ಇರಲಿ ಎಂದುಕೊಂಡವನು ಮಾಘಕ್ಕೆ ತರುವುದನ್ನೇ ಮರೆತ.

ಅಡುಗೆಯವರು ಗೋಡೆ ನೋಡಿದರು. ದಶಮಿ, ತೊಂಬತ್ತು ಜನ. ಅಷ್ಟಕ್ಕೇ ಮಾಡಿದರು. ಬಂದವರು ನೂರ ಮೂವತ್ತು. ಕೊನೆಯ ಪಂಕ್ತಿಯವರು ಖಾಲಿ ಎಲೆ ಮುಂದಿಟ್ಟುಕೊಂಡು ಕಾದರು. ಆಮೇಲೆ ದೋಣಿಗೆ ಹೊತ್ತಾಯಿತೆಂದು ಎದ್ದು ಹೊಳೆಯ ಕಡೆ ನಡೆದರು.

ಅಜ್ಜಾರು ಅಡುಗೆಮನೆಗೆ ಬಂದರು. ಆ ಮಠದ ಗುರುಗಳನ್ನು ಎಲ್ಲರೂ ಕರೆಯುವುದು ಹಾಗೆಯೇ. ಪರದೆ ಇನ್ನೂ ಕಾರ್ತಿಕದಲ್ಲೇ ಇತ್ತು.

“ತಪ್ಪಾತ್ರಿ ಅಜ್ಜಾರ,” ಎಂದ ಅಡಿವೆಪ್ಪ.

“ಈ ತಿಂಗಳದ್ದು ತಗಿ, ನೋಡೂಣು.”

ಅಡಿವೆಪ್ಪನ ಕೈ ಮೌಸಿನ ಮೇಲೆ ಹೋಗಿ ನಿಂತಿತು.

“ತಗದ್ರ ಬಾಳವ್ವ ಹೋಗತಾಳ್ರಿ.”

“ಅಳಿಸಿ ಹೋಗತಾಳೇನು?”

“ಇಲ್ರಿ. ಒಳಗ ಇರತಾಳ. ಕಾಣೂದಿಲ್ಲ.” ಅವನು ಮೌಸಿನಿಂದ ಕೈ ತೆಗೆದ. “ನನಗ ಕಾಣಬೇಕ್ರಿ. ಹೆಸರರೆ ಕಾಣಬೇಕು.”

ಅಜ್ಜಾರು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ತಮ್ಮ ಪಾಲಿಗೆ ತೆಗೆದಿಟ್ಟಿದ್ದ ಎರಡು ರೊಟ್ಟಿ ತಂದು ಅವನ ಕೈಗಿಟ್ಟರು.

“ಪರದೆ ಮ್ಯಾಲೆ ತೊಂಬತ್ತು ಮಂದಿ ಅದಾರಲ್ಲ, ಅವರಾಗ ಯಾರರೆ ಒಬ್ಬರಿಗೆ ಇದನ್ನ ನೀಡಿ ಬಾ.”

“ಹೆಂಗ ನೀಡ್ಲಿರಿ? ಅವರು ಆವತ್ತ ಉಂಡು ಹೋಗ್ಯಾರ.”

“ಅವರಿಗೆ ರೊಟ್ಟಿ ಬಡದಾಕಿ ಯಾರು?”

“ಬಾಳವ್ವನ ರೀ.”

“ಆಕಿ ಯಾವ ತಿಂಗಳದ್ದು ನೋಡಿ ಬಡೀತಿದ್ಲು?”

ಅಡಿವೆಪ್ಪ ಕೈಯಲ್ಲಿದ್ದ ರೊಟ್ಟಿ ನೋಡಿದ. ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ಬಾಗಿಲಿಗೆ ಬಂದು, ಇನ್ನೆಷ್ಟು ಜನ ಉಳಿದಿದ್ದಾರೆಂದು ಇಣುಕಿ ನೋಡುತ್ತಿದ್ದ ಅವಳ ಮುಖ ನೆನಪಾಯಿತು. ಪಟ್ಟಿಯಲ್ಲಿ ಇಷ್ಟು ದಿನ ಹುಡುಕಿದರೂ ಆ ಮುಖ ಅವನಿಗೆ ಸಿಕ್ಕಿರಲಿಲ್ಲ.

“ಬಾಗಲದಾಗ ನಿಂತವರನ್ನ ನೋಡಿ ಬಡೀತಿದ್ಲ್ರಿ.”

“ಹಂಗಾದ್ರ ಹಸಗೊಂಡು ಹೊಳಿಗೆ ಹೋದವರು ಆಕಿ ಮಂದಿ, ಅಡಿವೆಪ್ಪಾ. ದೋಣಿ ಇನ್ನೂ ಬಿಟ್ಟಿಲ್ಲ.”