ಚುಕ್ಕಿ ಗೆರೆ ದಾಟಿದ್ದು

ಬಿದಿರುಕೊಪ್ಪ ಎಂಬ ಕಾಡಿನಲ್ಲಿ ಒಂದು ಮಡು ಇತ್ತು, ಮಕ್ಕಳೇ. ಸುತ್ತಲೂ ಮತ್ತಿ, ಹೊನ್ನೆ, ನೇರಳೆ ಮರಗಳು. ಬೇಸಿಗೆಯಲ್ಲಿ ಹಳ್ಳಗಳೆಲ್ಲ ಒಣಗಿ ಕಲ್ಲು ಕಾಣುವಾಗಲೂ ಈ ಮಡು ಒಣಗುತ್ತಿರಲಿಲ್ಲ. ಆ ಎರಡು ಮೂರು ತಿಂಗಳು ಇಡೀ ಕಾಡಿಗೆ ಅದೊಂದೇ ನೀರು.

ನೀರು ಒಂದು, ಬಾಯಿ ನೂರು ಅಂದಮೇಲೆ ಜಗಳ ಇದ್ದದ್ದೇ ಅಲ್ಲವೇ? ಕಾಡುಹಂದಿ ಗೊರಕಣ್ಣ ಸಂಸಾರ ಸಮೇತ ನೀರಿಗಿಳಿದು ಹೊರಳಾಡುತ್ತಿದ್ದ. ಮಡುವೆಲ್ಲ ರಾಡಿಯಾಗುತ್ತಿತ್ತು.

“ಗೊರಕಣ್ಣಾ, ನಾವು ಕುಡಿಯುವುದು ಬೇಡವೇ?” ಎಂದು ಜಿಂಕೆ ಚುಕ್ಕಿ ಕೇಳುತ್ತಿದ್ದಳು.

“ಕುಡಿ, ಯಾರು ಬೇಡ ಅಂದರು? ಕೆಸರು ಮೈಗೆ ತಂಪು!” ಎಂದು ಅವನು ನಗುತ್ತಿದ್ದ.

ಒಂದು ಮಧ್ಯಾಹ್ನ ಈ ಮಾತು ಬೆಳೆದು ಹಂದಿಗಳಿಗೂ ಜಿಂಕೆಗಳಿಗೂ ದೊಡ್ಡ ನೂಕಾಟವೇ ಆಯಿತು. ಆಗ ಮರಗಳ ಹಿಂದಿನಿಂದ ಕಾಡುಕೋಣ ಕರಿಗುಡ್ಡಪ್ಪ ಹೊರಗೆ ಬಂದ. ಹೆಸರಿಗೆ ತಕ್ಕ ಹಾಗೆ ಅವನು ಒಂದು ಕರಿಯ ಗುಡ್ಡದಂತೆಯೇ ಇದ್ದ. ಅವನು ಬುಸ್ ಎಂದು ಉಸಿರು ಬಿಟ್ಟ ಕೂಡಲೇ ಎಲ್ಲರೂ ನಿಂತಲ್ಲೇ ನಿಂತರು.

“ಸಾಕು ನಿಮ್ಮ ಗಲಾಟೆ! ಇವತ್ತಿನಿಂದ ಈ ಮಡುವಿಗೆ ನಾನೇ ರಾಜ. ಇಲ್ಲಿ ಶಾಂತಿ ಇರಬೇಕು, ತಿಳಿಯಿತೇ?” ಎಂದ ಕರಿಗುಡ್ಡಪ್ಪ.

ಮುದಿ ಮುಳ್ಳುಹಂದಿಯೊಂದು ಮುಂದೆ ಬಂತು. ಎಲ್ಲರೂ ಅದನ್ನು ಮುಳ್ಳಜ್ಜ ಎಂದು ಕರೆಯುತ್ತಿದ್ದರು. “ರಾಜ ಇದ್ದಾನಲ್ಲಪ್ಪ. ಈ ಮಡುವನ್ನೂ ನಿನ್ನನ್ನೂ ನನ್ನನ್ನೂ ಮಾಡಿದವನು. ಆ ಒಡೆಯನ ನೀರನ್ನೇ ತಾನೇ ನಾವು ಕುಡಿಯುವುದು?”

“ಕಣ್ಣಿಗೆ ಕಾಣದ ಒಡೆಯ ಯಾರ ಜಗಳ ಬಿಡಿಸಿದ್ದಾನೆ, ಅಜ್ಜಾ? ನನ್ನ ಕೊಂಬು ಎಲ್ಲರಿಗೂ ಕಾಣುತ್ತದೆ” ಎಂದ ಕರಿಗುಡ್ಡಪ್ಪ.

ಅವನು ಕೆಟ್ಟವನಲ್ಲ, ಮಕ್ಕಳೇ. ನಿಜವಾಗಿಯೂ ಜಗಳ ನಿಲ್ಲಲಿ ಅಂತಲೇ ಹೊರಟವನು. ಆದರೆ ಹೆದರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದ. ತನಗಿಂತ ಮೇಲೆ ಇನ್ನೊಬ್ಬನಿದ್ದಾನೆ ಎಂಬುದನ್ನು ಮರೆತಿದ್ದ.

ಅವನು ಕೊಂಬಿನಿಂದ ಕಲ್ಲುಗಳನ್ನು ಉರುಳಿಸಿ ದಡದ ಮೇಲೆ ಒಂದು ಗೆರೆ ಮಾಡಿದ. ಆಳವಾದ ನೀರಿರುವ ಭಾಗ ತನಗೆ, ಆಳವಿಲ್ಲದ ಭಾಗ ಉಳಿದವರಿಗೆ. ಗೆರೆ ದಾಟುವಂತಿಲ್ಲ. ನೀರಿನ ಹತ್ತಿರ ಯಾರೂ ದನಿ ಎತ್ತುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಕೆಂಚ ಎಂಬ ಕೆನ್ನಾಯಿಯನ್ನೂ ಅವನ ಗುಂಪನ್ನೂ ಕಾವಲಿಗೆ ಇಟ್ಟ.

“ನೀವು ಕಾಯಬೇಕು. ಅಷ್ಟೇ ನಿಮ್ಮ ಕೆಲಸ” ಎಂದ.

“ಕಾಯುತ್ತೇವೆ, ಮಹಾರಾಜರೇ” ಎಂದು ಕೆಂಚ ಬಾಲ ಅಲ್ಲಾಡಿಸಿದ.

ಮರುದಿನದಿಂದ ಮಡುವಿನ ಹತ್ತಿರ ಒಂದು ಸದ್ದೂ ಇಲ್ಲ. ಹಂದಿಗಳು ಹೊರಳಾಡಲಿಲ್ಲ, ಜಿಂಕೆಗಳು ಗದರಲಿಲ್ಲ. ಬಂದವರು ತಲೆ ತಗ್ಗಿಸಿ ನಾಲ್ಕು ಗುಟುಕು ಕುಡಿದು ಓಡುತ್ತಿದ್ದರು. ತಾಯಂದಿರು ಮರಿಗಳನ್ನು ಮಡುವಿಗೆ ಕರೆತರಲೂ ಅಂಜಿದರು.

“ನೋಡು ಅಜ್ಜಾ, ಎಷ್ಟು ಶಾಂತಿ!” ಎಂದು ಕರಿಗುಡ್ಡಪ್ಪ ಬೀಗಿದ.

“ಇದು ಶಾಂತಿಯಲ್ಲಪ್ಪ, ಉಸಿರು ಕಟ್ಟಿರುವುದು” ಎಂದಷ್ಟೇ ಹೇಳಿ ಮುಳ್ಳಜ್ಜ ಹೊರಟುಹೋದ.

ಬಿಸಿಲು ಏರಿತು. ಉಳಿದವರ ಭಾಗದ ಆಳವಿಲ್ಲದ ನೀರು ದಿನದಿನಕ್ಕೂ ಹಿಂದೆ ಸರಿಯಿತು. ಕಡೆಗೆ ಅಲ್ಲಿ ಕೆಸರಿನ ಮೇಲೆ ಒಂದು ಗೇಣು ನೀರು ಉಳಿಯಿತು. ಚುಕ್ಕಿಗೆ ಮಿಣುಕ ಎಂಬ ಪುಟ್ಟ ಮರಿಯಿತ್ತು. ಅದಕ್ಕೆ ಬಾಯಾರಿಕೆ ತಡೆಯಲಾಗಲಿಲ್ಲ. ಗೆರೆಯ ಆಚೆ ತಿಳಿನೀರು ಹೊಳೆಯುವುದನ್ನು ನೋಡಿ, ಅಮ್ಮ ಕೂಗುವಷ್ಟರಲ್ಲಿ ಕಲ್ಲುಗಳನ್ನು ಹಾರಿಬಿಟ್ಟಿತು.

ಕರಿಗುಡ್ಡಪ್ಪ ತಿರುಗಿ ನೋಡಲೂ ಇಲ್ಲ. ಹಿಂಗಾಲಿನಿಂದ ಒಂದು ಒದೆ ಕೊಟ್ಟ. ಮರಿ ಉರುಳಿ ಕಲ್ಲಿನ ಮೇಲೆ ಬಿತ್ತು. ಅದರ ಮುಂಗಾಲು ಸೊಟ್ಟಗಾಯಿತು.

“ಕಟ್ಟಳೆ ಎಂದರೆ ಕಟ್ಟಳೆ” ಎಂದ ಅವನು. ಆದರೆ ಮರಿಯ ಮುಖ ನೋಡಿ ಹೇಳಲಿಲ್ಲ.

ಚುಕ್ಕಿ ಓಡಿಬಂದಳು. ಮರಿಯನ್ನು ಮೂತಿಯಿಂದ ಮೆಲ್ಲಗೆ ತಳ್ಳುತ್ತ ನೇರಳೆ ಮರದ ಕೆಳಗೆ ಕರೆದೊಯ್ದಳು. ಎಷ್ಟೋ ದಿನ ಅದರ ಕಾಲು ನೆಕ್ಕುತ್ತ ಕುಳಿತಳು. ಕಾಲಿನ ನೋವು ಇಳಿಯಿತು, ಕಾಲು ಮಾತ್ರ ನೇರವಾಗಲಿಲ್ಲ. ಮಿಣುಕ ಕುಂಟುವುದನ್ನು ನೋಡಿದಾಗಲೆಲ್ಲ ಅವಳು ಸಿಟ್ಟಿನಿಂದ ನೆಲಕ್ಕೆ ಗೊರಸು ಅಪ್ಪಳಿಸುತ್ತಿದ್ದಳು.

ಇಷ್ಟರಲ್ಲಿ ಆಳದ ನೀರೂ ಇಳಿಯಿತು. ಕರಿಗುಡ್ಡಪ್ಪ ನೀರು ಹುಡುಕಿಕೊಂಡು ದಿನಾ ಇನ್ನಷ್ಟು ಒಳಗೆ ಹೋಗಬೇಕಾಯಿತು. ಒಂದು ಹಗಲು, ಬಿಸಿಲು ನೆತ್ತಿಗೆ ಬಂದಿರುವಾಗ, ಅವನ ನಾಲ್ಕು ಕಾಲೂ ಹೂಳಿನಲ್ಲಿ ಇಳಿದುಬಿಟ್ಟವು. ಎಳೆದುಕೊಂಡ. ಮೊಣಕಾಲಿನವರೆಗೆ ಹೋದ. ಒದ್ದಾಡಿದ. ಹೊಟ್ಟೆಯವರೆಗೆ ಹೋದ.

“ಕೆಂಚಾ! ಬನ್ನಿರೋ! ಎಲ್ಲರೂ ಬನ್ನಿ!” ಎಂದು ಕೂಗಿದ.

ಕೆಂಚ ಬಂದ. ಅವನ ಹಿಂದೆ ಇನ್ನೂ ಆರು ಕೆನ್ನಾಯಿಗಳು ಬಂದವು. ದಡದ ಮೇಲೆ ಸಾಲಾಗಿ ಕುಳಿತವು.

“ಕುಳಿತಿರೇಕೆ? ಏನಾದರೂ ಮಾಡಿ!”

“ಕಾಯುವುದೇ ನಮ್ಮ ಕೆಲಸ ಅಂತ ನೀವೇ ಹೇಳಿದ್ದಿರಿ. ಕಾಯುತ್ತೇವೆ, ಮಹಾರಾಜರೇ. ನಿಮ್ಮ ಕಸುವು ಸೋಲುವವರೆಗೂ ಕಾಯುತ್ತೇವೆ” ಎಂದು ಕೆಂಚ ನಾಲಗೆಯಿಂದ ತುಟಿ ಸವರಿಕೊಂಡ.

ಆಗ ಕರಿಗುಡ್ಡಪ್ಪನಿಗೆ ಗೊತ್ತಾಯಿತು. ಇಷ್ಟು ದಿನ ಅವು ಕಾದದ್ದು ಮಡುವನ್ನಲ್ಲ.

ಕಾಡಿನವರೆಲ್ಲ ಗೆರೆಯ ಈಚೆ ಮರಗಳ ಕೆಳಗೆ ಗುಂಪುಗೂಡಿದರು. “ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಇದೇ ಅದು. ನಾನಂತೂ ಹೋಗುವವನಲ್ಲ” ಎಂದ ಗೊರಕಣ್ಣ.

ಮಿಣುಕ ಅಮ್ಮನಿಗೆ ಒತ್ತಿಕೊಂಡು ನಿಂತಿತು. “ಅಮ್ಮಾ, ಅವನು ಮುಳುಗಿಹೋಗಲಿ. ಅಲ್ಲವೇನಮ್ಮಾ?”

ಚುಕ್ಕಿ ಮರಿಯ ಸೊಟ್ಟ ಕಾಲನ್ನು ನೋಡಿದಳು. ಕೆಸರಿನಲ್ಲಿ ಏದುಸಿರು ಬಿಡುತ್ತಿದ್ದ ಕಾಡುಕೋಣವನ್ನು ನೋಡಿದಳು. ಆಮೇಲೆ ಹೇಳಿದಳು:

“ನನಗೂ ಹಾಗೇ ಅನ್ನಿಸಿತು, ಮಗಾ. ಸುಳ್ಳು ಹೇಳುವುದಿಲ್ಲ. ಆದರೆ ತಪ್ಪು ಮಾಡಿದವರೆಲ್ಲ ಮುಳುಗಿಹೋಗಲಿ ಅಂತ ನಮ್ಮ ಒಡೆಯ ಅಂದಿದ್ದರೆ, ಈ ಕಾಡಿನಲ್ಲಿ ಯಾರು ಉಳಿಯುತ್ತಿದ್ದರು? ನಾನು ಉಳಿಯುತ್ತಿದ್ದೆನೇ?”

ಅವಳು ಮರಿಯನ್ನು ಮುಳ್ಳಜ್ಜನ ಪಕ್ಕಕ್ಕೆ ನೂಕಿ ಹೊರಟಳು.

“ಚುಕ್ಕಕ್ಕಾ, ಎಲ್ಲಿಗೆ?” ಎಂದ ಗೊರಕಣ್ಣ ಗಾಬರಿಯಿಂದ.

“ಗೆರೆಯ ಆಚೆಗೆ.”

“ಏಳು ಕೆನ್ನಾಯಿ ಕುಳಿತಿವೆ, ಕಾಣುವುದಿಲ್ಲವೇ?”

“ಕಾಣುತ್ತಿದೆ” ಎಂದಳು ಚುಕ್ಕಿ. ನಿಲ್ಲಲಿಲ್ಲ.

ಹೆಣ್ಣು ಜಿಂಕೆಗೆ ಕೊಂಬಿಲ್ಲ, ಮಕ್ಕಳೇ. ಅವಳ ಹತ್ತಿರ ಹಾಯಲು ಏನೂ ಇರಲಿಲ್ಲ. ಆದರೂ ಕಲ್ಲುಗೆರೆ ದಾಟಿ, ಕೆನ್ನಾಯಿಗಳಿಗೂ ಕೆಸರಿಗೂ ನಡುವೆ ಹೋಗಿ ನಿಂತಳು.  

ಕೆಂಚ ನಕ್ಕ. “ದಾರಿ ಬಿಡು, ಜಿಂಕೆ. ನಿನ್ನ ಮರಿಯ ಕಾಲು ಮುರಿದವನು ಇವನೇ. ನಿನ್ನ ಸೇಡನ್ನು ನಾವು ತೀರಿಸುತ್ತಿದ್ದೇವೆ. ಉಪಕಾರ ಅಂದುಕೋ.”

“ನನ್ನ ಸೇಡನ್ನು ನಿನ್ನ ಕೈಗೆ ಕೊಟ್ಟವರು ಯಾರು? ಅದನ್ನು ನಾನು ಒಡೆಯನ ಕೈಗೆ ಕೊಟ್ಟಾಗಿದೆ.”

“ಹಾಗಾದರೆ ಮೊದಲು ನೀನೇ!”

ಕೆಂಚ ಹಾರಿ ಅವಳ ಭುಜಕ್ಕೆ ಬಾಯಿ ಹಾಕಿದ. ರಕ್ತ ಸುರಿಯಿತು. ಚುಕ್ಕಿ ಮಂಡಿಯೂರಿದಳು, ಮತ್ತೆ ಎದ್ದಳು. ಒಂದು ಹೆಜ್ಜೆಯೂ ಪಕ್ಕಕ್ಕೆ ಸರಿಯಲಿಲ್ಲ.

ಕೆಸರಿನಿಂದ ಕರಿಗುಡ್ಡಪ್ಪ ಕೂಗಿದ: “ಹೋಗು ತಾಯಿ, ಹೋಗಿಬಿಡು! ನನಗಾಗಿ ಸಾಯಬೇಡ!”

ಅದನ್ನು ಕೇಳಿ ಮೊದಲು ಕದಲಿದವನು ಮುಳ್ಳಜ್ಜ. ಮೈಯ ಮುಳ್ಳನ್ನೆಲ್ಲ ಕಟಕಟ ಎಂದು ನಿಮಿರಿಸಿಕೊಂಡು ನಿಧಾನವಾಗಿ ಗೆರೆ ದಾಟಿ ಚುಕ್ಕಿಯ ಪಕ್ಕ ನಿಂತ. ಗೊರಕಣ್ಣನಿಗೆ ನಾಚಿಕೆಯಾಯಿತು. “ಮುದುಕ ಹೋದ, ನಾನು ನಿಂತು ನೋಡಲೇ?” ಎಂದು ಸಂಸಾರ ಸಮೇತ ನುಗ್ಗಿದ. ಹಿಂದೆಯೇ ಜಿಂಕೆಗಳು ಬಂದವು, ಮೊಲಗಳೂ ಬಂದವು. ಯಾರೂ ಕಚ್ಚಲಿಲ್ಲ, ಹಾಯಲಿಲ್ಲ. ಒಬ್ಬರಿಗೊಬ್ಬರು ಅಂಟಿಕೊಂಡು ಗೋಡೆಯಂತೆ ನಿಂತರು.

ಕೆಂಚ ಅತ್ತಿತ್ತ ನೋಡಿದ. ಒಂಟಿ ಜಿಂಕೆ ಬೇರೆ, ಇಡೀ ಕಾಡು ಬೇರೆ. ಅವನು ಬಾಲ ಮುದುರಿ ಹಿಂದೆ ಸರಿದ. ಉಳಿದವೂ ಗುಡ್ಡದ ಕಡೆಗೆ ಓಡಿದವು.

“ಈಗ ಕೆಲಸ!” ಎಂದಳು ಚುಕ್ಕಿ.

ಹಂದಿಗಳು ಮೂತಿಯಿಂದ ದಡವನ್ನು ಅಗೆದು ಇಳಿಜಾರು ಮಾಡಿದವು. ಜಿಂಕೆಗಳು ಒಣಕೊಂಬೆಗಳನ್ನು ಕಚ್ಚಿ ತಂದು ಕೆಸರಿನ ಮೇಲೆ ಹಾಸಿದವು. ಮೊಲಗಳು ಹುಲ್ಲು ತಂದವು. ಕರಿಗುಡ್ಡಪ್ಪ ಒಂದು ಕಾಲು ಎತ್ತಿ ಕೊಂಬೆಯ ಮೇಲಿಟ್ಟ. ಕೊಂಬೆ ಮುರಿಯಿತು. ಮತ್ತೆ ತಂದರು. ಮತ್ತೆ ಮುರಿಯಿತು. ಮತ್ತೆ ತಂದರು. ಬಿಸಿಲು ಇಳಿಯುವ ಹೊತ್ತಿಗೆ ಅವನು ಮೈತುಂಬ ಕೆಸರು ಮೆತ್ತಿಕೊಂಡು ದಡದ ಮೇಲೆ ಬಿದ್ದುಕೊಂಡಿದ್ದ.

ಉಸಿರು ಹಿಡಿತಕ್ಕೆ ಬಂದಾಗ ಅವನು ಚುಕ್ಕಿಯ ಭುಜದ ಗಾಯ ನೋಡಿದ. ಕಣ್ಣಲ್ಲಿ ನೀರು ಬಂತು.

“ನಾನು ನಿನಗೆ ಮಾಡಿದ್ದೇನು, ನೀನು ನನಗೆ ಮಾಡಿದ್ದೇನು! ಯಾಕೆ ಬಂದೆಯಮ್ಮಾ?”

“ನೀನು ಒಳ್ಳೆಯವನು ಅಂತ ಬರಲಿಲ್ಲ. ಒಡೆಯ ಒಳ್ಳೆಯವನು ಅಂತ ಬಂದೆ” ಎಂದಳು ಚುಕ್ಕಿ.

ಗೊರಕಣ್ಣ ಕುಣಿದಾಡಿದ. “ಇನ್ನು ಮೇಲೆ ಚುಕ್ಕಕ್ಕನೇ ನಮ್ಮ ರಾಣಿ!” ಎಲ್ಲರೂ ಹೌದು ಹೌದು ಎಂದು ಕೂಗಿದರು.

“ಬೇಡವೇ ಬೇಡ. ಇನ್ನೊಬ್ಬರನ್ನು ಮೇಲೆ ಕೂರಿಸಿದರೆ ಇನ್ನೊಂದು ಭಯ ಶುರುವಾಗುತ್ತದೆ. ನಮಗೆ ರಾಜ ಇದ್ದಾನೆ. ಅವನ ಮಾತು ಕೇಳುವವರು ಇಲ್ಲದೆ ಹೋಗಿದ್ದರು, ಅಷ್ಟೇ” ಎಂದಳು ಅವಳು.

“ನಾಳೆ ಮತ್ತೆ ಜಗಳವಾದರೆ?” ಎಂದು ಕರಿಗುಡ್ಡಪ್ಪ ಮೆತ್ತಗೆ ಕೇಳಿದ.

“ಆಗುತ್ತದೆ. ಆದಾಗ ತಪ್ಪು ಮಾಡಿದವರು ಬಂದು ತಪ್ಪಾಯಿತು ಅನ್ನಬೇಕು. ನೊಂದವರು ಕ್ಷಮಿಸಬೇಕು. ಬಳಲಿದವರಿಗೆ ಮೊದಲು ನೀರು ಬಿಡಬೇಕು. ಸುಲಭವೇನಲ್ಲ, ಕರಿಗುಡ್ಡಪ್ಪಾ. ಹಾಯುವುದಕ್ಕಿಂತ ಕಷ್ಟ. ಆದರೂ ಮಾಡಲೇಬೇಕು. ಒಡೆಯನ ಆಳ್ವಿಕೆ ಅಂದರೆ ಅದೇ.”

ಕಾಡುಕೋಣ ಎದ್ದು ನಿಂತ. ಮಿಣುಕನ ಮುಂದೆ ಹೋಗಿ, ಅಷ್ಟು ದೊಡ್ಡ ಮೈಯನ್ನು ಬಗ್ಗಿಸಿ, ಮುಂಗಾಲುಗಳನ್ನು ಮಡಿಸಿ ಕುಳಿತ.

“ತಪ್ಪಾಯಿತು, ಕಂದಾ” ಎಂದ.

ಮಿಣುಕ ಅಮ್ಮನ ಹಿಂದೆ ಅಡಗಿಕೊಂಡಿತು. ಕರಿಗುಡ್ಡಪ್ಪ ಬಲವಂತ ಮಾಡಲಿಲ್ಲ. “ನಿನಗೆ ಬೇಕೆನಿಸಿದಾಗ ಬಾ” ಎಂದು ಎದ್ದು ಹೋದ.

ಮಾರನೆಯ ದಿನ ಎಲ್ಲರೂ ಸೇರಿ ಕಲ್ಲುಗಳನ್ನು ದೂರ ಉರುಳಿಸಿದರು. ಕರಿಗುಡ್ಡಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ದಡವನ್ನು ಗೊರಸಿನಿಂದ ತುಳಿತುಳಿದು ಗಟ್ಟಿ ಮಾಡಿದ, ಕುಂಟುವ ಕಾಲೂ ಜಾರದಂತೆ. ತಾನು ಮಾತ್ರ ಎಲ್ಲರೂ ಕುಡಿದ ಮೇಲೆ ಕುಡಿಯುತ್ತಿದ್ದ. ಯಾರೂ ಅವನಿಗೆ ಹೀಗೆ ಮಾಡು ಎಂದು ಹೇಳಿರಲಿಲ್ಲ.

ಹನ್ನೊಂದನೆಯ ದಿನ ಬಿಸಿಲು ಚುರುಕಾಗಿತ್ತು. ಮಿಣುಕ ಕುಂಟುತ್ತ ಕುಂಟುತ್ತ ಆ ಇಳಿಜಾರಿನಲ್ಲಿ ಒಂಟಿಯಾಗಿ ಇಳಿದು ಬಂತು. ನೆರಳು ಎಲ್ಲಿದೆ ಎಂದು ನೋಡಿತು. ಕಾಡುಕೋಣದ ಹೊಟ್ಟೆಯ ಕೆಳಗೆ ದೊಡ್ಡ ನೆರಳಿತ್ತು. ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಹೋಗಿ, ಆ ನಾಲ್ಕು ಕಂಬದಂಥ ಕಾಲುಗಳ ನಡುವೆ ನಿಂತು, ಹೊಟ್ಟೆ ತುಂಬ ನೀರು ಕುಡಿಯಿತು. ಕರಿಗುಡ್ಡಪ್ಪ ನೊಣ ಕಚ್ಚಿದರೂ ಅಲ್ಲಾಡದೆ ನಿಂತಿದ್ದ.

ನಮ್ಮ ಯೇಸುಸ್ವಾಮಿ ಆಳುವುದೂ ಹೀಗೆಯೇ, ಮಕ್ಕಳೇ. ಅವರು ಕತ್ತಿ ಹಿಡಿದು ಬರಲಿಲ್ಲ. ನಮಗಾಗಿ ಗಾಯಗೊಂಡು, ಗಾಯ ಮಾಡಿದವರನ್ನೇ ಕ್ಷಮಿಸಿ ರಾಜರಾದರು.

ನೀತಿ: ಭಯ ಬಾಯಿ ಮುಚ್ಚಿಸೀತು, ಮನಸ್ಸನ್ನು ಕೂಡಿಸಲಾರದು; ದೇವರು ಪ್ರೀತಿಯಿಂದಲೂ ಕ್ಷಮೆಯಿಂದಲೂ ಆಳುವಲ್ಲಿ ಮಾತ್ರ ಸಮಾಧಾನ ನೆಲೆ ನಿಲ್ಲುತ್ತದೆ.