ವೈದ್ಯನ ಮನೆಯ ಎದೆಯುರಿ

"ಅಜ್ಜಾರೇ, ಒಂದೇ ಮದ್ದು ಒಬ್ಬರಿಗೆ ನಾಟುತ್ತದೆ, ಇನ್ನೊಬ್ಬರಿಗೆ ನಾಟುವುದಿಲ್ಲ. ಯಾಕೆ?"

ಕೇಳಿದವನು ಗದಿಗೆಪ್ಪ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಸಂಜೆ ಅಂಗಡಿ ಮುಚ್ಚಿದನೆಂದರೆ ನೇರ ಮಠಕ್ಕೆ ಬಂದು ನಿರುಪಾದಿ ಅಜ್ಜನವರ ಮುಂದೆ ಕುಳಿತುಬಿಡುವನು. ಮಂಗಳಾರತಿ ಮುಗಿದು ಉಳಿದವರೆಲ್ಲ ಎದ್ದು ಹೋದರೂ ಇವನು ಏಳುವುದಿಲ್ಲ. ಕೇಳುವ ಹುಚ್ಚು ಅಷ್ಟು.

ಇದು ಯಾರ ಹೊಟ್ಟೆಯ ಮಾತು ಎಂದು ಅಜ್ಜನವರು ವಿಚಾರಿಸಿದರು. ಗದಿಗೆಪ್ಪ ತಲೆ ಕೆರೆದುಕೊಂಡು ಹೇಳಿದ. ಅವನ ಹೆಂಡತಿಗೆ ಎದೆಯುರಿ. ಜೀರಿಗೆ ನೀರು ಕುಡಿಸಿದ್ದಾಯಿತು, ಮಜ್ಜಿಗೆ ಕುಡಿಸಿದ್ದಾಯಿತು. ಅದೇ ಜೀರಿಗೆ ನೀರಿನಿಂದ ಪಕ್ಕದ ಅಂಗಡಿಯವನಿಗೆ ಗುಣವಾಗಿದೆ, ಇವಳಿಗೆ ಇಲ್ಲ. ಇದರ ಮರ್ಮವೇನು ಎಂಬುದು ಅವನ ಕುತೂಹಲ.

"ಮದ್ದಿನ ಸಂಗತಿ ನನಗೇನು ಗೊತ್ತಪ್ಪಾ? ಮದ್ದು ಕೊಡುವವನ ಕತೆಯೊಂದು ಗೊತ್ತು. ಕೇಳು," ಎಂದು ಅಜ್ಜನವರು ಶುರು ಮಾಡಿದರು.

ಒಂದು ಊರಲ್ಲಿ ಒಬ್ಬ ವೈದ್ಯನಿದ್ದ. ಎದೆಯುರಿ, ಹುಳಿತೇಗು ಎಂದು ಅಳುತ್ತ ಬಂದವರು ಊರ ನಡುವಿನ ಅವನ ಕಟ್ಟೆಯಿಂದ ನಗುತ್ತ ಇಳಿದು ಹೋಗುತ್ತಿದ್ದರು. ಅವನ ರೀತಿಯೇ ಬೇರೆ. ಮೊದಲು ಮದ್ದು ಕೊಡುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದ. ಏನು ಉಣ್ಣುತ್ತೀ, ಯಾವ ಹೊತ್ತಿಗೆ ಉಣ್ಣುತ್ತೀ, ಉಂಡಮೇಲೆ ಏನು ಮಾಡುತ್ತೀ ಎಂದು. ಒಬ್ಬ ವ್ಯಾಪಾರಿ ಬಂದ. ಉಂಡ ಕೈ ಒಣಗುವ ಮೊದಲೇ ಗಾದಿಯ ಮೇಲೆ ಉರುಳುವ ಅಭ್ಯಾಸ ಅವನಿಗೆ. ಉಂಡು ಸ್ವಲ್ಪ ಅಡ್ಡಾಡು, ಹೊಟ್ಟೆ ಹಗುರಾದ ಮೇಲೆ ಮಲಗು ಎಂದ. ಮದ್ದಿಲ್ಲದೆ ಗುಣವಾಯಿತು. ಇನ್ನೊಬ್ಬ ಬಂದ. ಹೊಟ್ಟೆ ಎರಡು ಭಾಗವಾಗುವಂತೆ ಧೋತರ ಬಿಗಿದಿದ್ದ. ಗಂಟು ಸಡಿಲಿಸು ಮಾರಾಯ, ಒಳಗಿದ್ದ ಅನ್ನಕ್ಕೆ ಜಾಗ ಬೇಡವೇ, ಜಾಗ ಸಿಗದಿದ್ದರೆ ಅದು ಮೇಲಕ್ಕೇ ಬರಬೇಕಲ್ಲ ಎಂದು ನಕ್ಕ. ಹಸಿಮೆಣಸಿನಕಾಯಿ ಕಡಿದುಕೊಂಡು ರೊಟ್ಟಿ ತಿನ್ನುವ ಒಕ್ಕಲಿಗನಿಗೆ ಮೆಣಸಿನಕಾಯಿ ಬಿಡಿಸಿ ಮಜ್ಜಿಗೆ ಹಿಡಿಸಿದ. ಹೀಗೆ ಊರಿಗೆಲ್ಲ ತಂಪು ಹಂಚುವವನು.

ಇಂಥವನ ಹೆಂಡತಿಗೇ ಎದೆಯುರಿ. ನೋಡು ಮತ್ತೆ, ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ.

ಉರಿಯೆಂದರೆ ಸಾಮಾನ್ಯದ್ದಲ್ಲ. ಮಲಗಿದರೆ ಸಾಕು, ಹುಳಿನೀರು ಗಂಟಲಿಗೆ ಬರುತ್ತಿತ್ತು. ಎದ್ದು ಗೋಡೆಗೆ ಒರಗಿ ಬೆಳಗು ಮಾಡುತ್ತಿದ್ದಳು. ಉಂಡರೆ ಉರಿಯುತ್ತದೆ ಎಂದು ಉಣ್ಣುವುದನ್ನೇ ಕಡಿಮೆ ಮಾಡಿದಳು. ಕೈಬಳೆ ಮೊಣಕೈಯವರೆಗೆ ಜಾರುವಷ್ಟು ಸೊರಗಿದಳು. ವೈದ್ಯನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದು ತಿಳಿಯಬೇಡ, ಬಹಳ ಇತ್ತು. ಇವಳು ಹೀಗೇ ಕರಗಿ ಹೋದರೆ ನನ್ನ ಗತಿಯೇನು ಎಂದು ಒಳಗೊಳಗೇ ಹೆದರಿದ. ಜೀರಿಗೆ ಕಷಾಯ ಮಾಡಿಕೊಟ್ಟ. ಬೂದುಗುಂಬಳದ ರಸ ಹಿಂಡಿಕೊಟ್ಟ. ಅಗಿಯಲು ಸೋಂಪು ಕೊಟ್ಟ. ಖಾರ, ಹುಳಿ, ಕರಿದದ್ದು ಹೊಸಿಲು ದಾಟದಂತೆ ಮಾಡಿದ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಎಡಮಗ್ಗುಲಿಗೆ ಮಲಗು ಎಂದ. ಎಲ್ಲದರಿಂದಲೂ ಚೂರುಪಾರು ತಗ್ಗಿತು, ಯಾವುದರಿಂದಲೂ ಪೂರ್ತಿ ಹೋಗಲಿಲ್ಲ.

ಒಂದನ್ನು ಮಾತ್ರ ಅವನು ಮಾಡಲಿಲ್ಲ. ಊರವರಿಗೆಲ್ಲ ಕೇಳುವ ಪ್ರಶ್ನೆಗಳನ್ನು ಅವಳಿಗೆ ಕೇಳಲಿಲ್ಲ. ಮನೆಯವಳಲ್ಲವೇ, ಕೇಳುವುದೇನಿದೆ, ಎಲ್ಲ ಗೊತ್ತಿದ್ದದ್ದೇ ಎಂದುಕೊಂಡಿದ್ದ.

ಹೀಗಿರುವಾಗ ದೂರದ ಊರಿನ ಗೌಡನಿಗೆ ಕಾಯಿಲೆಯಾಗಿ ಇವನನ್ನು ಕರೆಸಿಕೊಂಡರು. ಅಮಾವಾಸ್ಯೆಗೆ ಹೋದವನು ಹುಣ್ಣಿಮೆಗೆ ತಿರುಗಿ ಬಂದ. ಬಂದು ನೋಡಿದರೆ ಹೆಂಡತಿಯ ಮುಖಕ್ಕೆ ಕಳೆ ಬಂದಿದೆ. ಉರಿ ಇಲ್ಲವಂತೆ. ಚೆನ್ನಾಗಿ ನಿದ್ದೆ ಬರುತ್ತದಂತೆ. ಅವನಿಗೆ ಸಂತೋಷವಾಯಿತು, ಸಂತೋಷದ ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು. ವೈದ್ಯ ತಾನೇ! ತನ್ನಿಂದ ಆಗದ್ದು ಯಾರಿಂದ ಆಯಿತು, ಯಾವ ಬೇರಿನಿಂದ ಆಯಿತು? ಅವಳು ನೀರಿಗೆ ಹೋದಾಗ ಅಡಿಗೆಮನೆ ಹೊಕ್ಕು ಗಡಿಗೆಗಳನ್ನೆಲ್ಲ ಮೂಸಿ ನೋಡಿದ. ಬೇರಿಲ್ಲ, ತೊಗಟೆಯಿಲ್ಲ. ಅವನು ಕೊಟ್ಟು ಹೋಗಿದ್ದ ಕಷಾಯದ ಪುಡಿಯೂ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಬಾವಿಯ ನೀರೇನಾದರೂ ಬದಲಾಯಿತೇ ಎಂದು ಸೇದಿ ಕುಡಿದ. ಅದೇ ನೀರು. ಹಿತ್ತಲಲ್ಲಿ ಹೊಸ ಗಿಡ ಬಂದಿದೆಯೇ ಎಂದು ಬೇಲಿ ಸುತ್ತಿದ. ಅಲ್ಲಿ ಬರೀ ಕುಂಬಳದ ಬಳ್ಳಿ. ಅವನು ಹೀಗೆ ಹುಡುಕುತ್ತಿರುವಾಗಲೇ, ವಾರ ತುಂಬುವುದರೊಳಗೆ, ಉರಿ ತಿರುಗಿ ಬಂತು. ಅವಳು ಮತ್ತೆ ಗೋಡೆಗೆ ಒರಗಿದಳು.

ಆಗ ಅವನ ಜಂಬ ಇಳಿಯಿತು. ಒಂದು ಬೆಳಿಗ್ಗೆ, ಕಟ್ಟೆಯ ಮೇಲೆ ರೋಗಿಯ ಮುಂದೆ ಕುಳಿತ ಹಾಗೆ ಅವಳ ಮುಂದೆ ಕುಳಿತ.

"ನಾನಿಲ್ಲದಾಗ ಯಾರ ಮದ್ದು ತೆಗೆದುಕೊಂಡೆ? ನಿಜ ಹೇಳು, ನನಗೇನೂ ಬೇಸರವಿಲ್ಲ."

"ಯಾರ ಮದ್ದೂ ಇಲ್ಲ. ನೀವು ಇರಲಿಲ್ಲವಲ್ಲ, ಹೊತ್ತು ಮುಳುಗುವಾಗಲೇ ಉಣ್ಣುತ್ತಿದ್ದೆ. ಉಂಡು ಪಕ್ಕದ ಮನೆಯವಳ ಜೊತೆ ಕೆರೆಯ ತನಕ ಹೋಗಿಬರುತ್ತಿದ್ದೆ. ಅಷ್ಟೇ."

ಕಿವಿಯಲ್ಲಿ ಕಾದ ಸೀಸ ಹೊಯ್ದಂತಾಯಿತು ಅವನಿಗೆ. ಗಂಡ ಊರಲ್ಲಿಲ್ಲದ್ದೇ ಹೆಂಡತಿಗೆ ಮದ್ದಾಯಿತೇ? ಆಮೇಲೆ ಒಂದೊಂದಾಗಿ ಕೇಳಿದ, ಅವಳು ಹೇಳಿದಳು. ದಿನವೂ ಅವನು ಮನೆಗೆ ಬರುವುದು ಊರು ಮಲಗಿದ ಮೇಲೆ. ಅವನು ಬಂದು ಕುಳಿತಮೇಲೇ ಅವಳು ಬಿಸಿ ರೊಟ್ಟಿ ಬಡಿಯಬೇಕು. ಅವನು ಉಂಡಮೇಲೇ ಅವಳು ಉಣ್ಣಬೇಕು. ಮಧ್ಯಾಹ್ನದಿಂದ ಖಾಲಿಯಿದ್ದ ಹೊಟ್ಟೆಗೆ ಅಷ್ಟು ಹೊತ್ತಿನಲ್ಲಿ ನಾಲ್ಕು ತುತ್ತು ತುರುಕಿ, ಪಾತ್ರೆ ತೊಳೆದು, ಹಾಗೇ ಮಲಗುವುದು. ವ್ಯಾಪಾರಿಗೆ ಬೇಡವೆಂದು ಹೇಳಿದ್ದನ್ನೇ ತನ್ನ ಮನೆಯಲ್ಲಿ ತಾನೇ ಮಾಡಿಸುತ್ತಿದ್ದ!

ಇನ್ನೇನು ಸರಿಹೋಯಿತು ಅಂತೀಯಾ? ಎಲ್ಲಿಂದ ಸರಿಹೋದೀತು! ಇವತ್ತಿನಿಂದ ನೀನು ಮೊದಲೇ ಉಂಡುಬಿಡು ಎಂದು ಅಪ್ಪಣೆ ಕೊಟ್ಟು ಕಟ್ಟೆಗೆ ಹೋದ. ಅಪ್ಪಣೆ ಕೊಡುವುದಕ್ಕೆ ಖರ್ಚೇನಿದೆ? ಅವಳು ಹೂಂ ಎಂದಳು. ಅವನು ಮಾಮೂಲಿ ಹೊತ್ತಿಗೇ ತಿರುಗಿ ಬಂದು ನೋಡಿದರೆ ಅವಳ ತಾಟು ಬೋರಲು ಹಾಕಿದ್ದು ಹಾಗೇ ಇತ್ತು. ನೀವು ಊರಲ್ಲೇ ಹಸಿದು ಕುಳಿತಿದ್ದೀರಿ ಎಂದು ಗೊತ್ತಿದ್ದೂ ನನಗೆ ತುತ್ತು ಇಳಿಯುವುದಿಲ್ಲ ಎಂದಳು. ಗದರಿದ. ಮರುದಿನವೂ ಅಷ್ಟೇ. ತಾಯಿ ಮಾಡಿದ್ದನ್ನು ಕಂಡವಳು, ಅತ್ತೆ ಮಾಡಿದ್ದನ್ನು ಕಂಡವಳು. ಒಂದು ಮಾತಿಗೆ ಅದು ಬಿಟ್ಟುಹೋದೀತೇ? ಹೋಗಬೇಕಿತ್ತು ಅನ್ನು, ಹೋಗಲಿಲ್ಲ.

ಆಗ ಅವನಿಗೆ ತಿಳಿಯಿತು, ಹೊತ್ತು ಬದಲಾಗಬೇಕಾದರೆ ತಾನು ಏಳಬೇಕು. ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಕಟ್ಟೆಯಿಂದ ಎದ್ದ. ಕುಳಿತವರೆಲ್ಲ, ಇದೇನು ಇಷ್ಟು ಬೇಗ, ರೋಗಿಗಳ ಗತಿಯೇನು ಎಂದರು. ವೈದ್ಯ ನಿಂತಲ್ಲೇ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದ. ಅಲ್ಲಿ ರೋಗಿ ಒಬ್ಬನೂ ಇರಲಿಲ್ಲ. ರೋಗಿಗಳು ದನ ಮನೆಗೆ ತಿರುಗುವ ಹೊತ್ತಿಗೇ ಹೋಗಿಬಿಟ್ಟಿದ್ದರು. ನಿನ್ನೆಯೂ ಹಾಗೇ, ಮೊನ್ನೆಯೂ ಹಾಗೇ. ಉಳಿದವರು, ನಿಮ್ಮಂಥ ವೈದ್ಯರು ಸುತ್ತ ಹಳ್ಳಿಯಲ್ಲಿಲ್ಲ ಎನ್ನುವವರು. ಆ ಮಾತು ಕೇಳುತ್ತ ಕುಳಿತು ಅವನು ಹೆಂಡತಿಯ ಎದೆ ಸುಡಿಸಿದ್ದ. ಅವನಿಗೆ ನಾಚಿಕೆಯಾಯಿತು. ಅವನ ಪೆಟ್ಟಿಗೆಯಲ್ಲಿದ್ದ ಯಾವ ಬೇರೂ ಅಷ್ಟು ಕಹಿ ಇರಲಿಲ್ಲ.

ಇನ್ನೂ ಮಸುಕು ಬೆಳಕಿರುವಾಗಲೇ ಬಾಗಿಲಿಗೆ ಬಂದ ಗಂಡನನ್ನು ಕಂಡು ಅವಳು ಗಾಬರಿಯಾದಳು. ಮೈಗೆ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದಳು. ಎರಡು ತಾಟು ಹಾಕು ಎಂದ. ಅವಳು ನಾಚಿ, ಅರ್ಧ ಗೋಡೆಯ ಕಡೆ ತಿರುಗಿ ಕುಳಿತು ಉಂಡಳು. ಉಂಡು ಇಬ್ಬರೂ ಕೆರೆಯ ತನಕ ಹೋಗಿಬಂದರು. ದಾರಿಯ ಜನ ಮುಸಿಮುಸಿ ನಕ್ಕರು. ನಗಲಿ, ಅವರಿಗೇನು ಎದೆ ಉರಿಯುತ್ತಿತ್ತೇ? ಮರುದಿನವೂ ಹೋದರು, ಆಮೇಲೆ ಅದೇ ರೂಢಿಯಾಯಿತು. ಒಂದು ಬೆಳಿಗ್ಗೆ ವೈದ್ಯ ಎದ್ದು ನೋಡಿದರೆ ಹೆಂಡತಿ ಇನ್ನೂ ಮಲಗಿದ್ದಳು. ಗೋಡೆಗೆ ಒರಗಿ ಅಲ್ಲ, ಮಂಚದ ಮೇಲೆ, ಗೊರಕೆ ಹೊಡೆಯುತ್ತ. ಅವಳನ್ನು ಎಬ್ಬಿಸದೆ ತಾನೇ ಹೋಗಿ ಒಲೆ ಹೊತ್ತಿಸಿದ.

ಅಜ್ಜನವರು ಕತೆ ನಿಲ್ಲಿಸಿದರು. ಗದಿಗೆಪ್ಪ ತೊಡೆ ತಟ್ಟಿ ನಕ್ಕ. ಎಂಥ ಪೆದ್ದ ವೈದ್ಯ ಅಜ್ಜಾರೇ, ಕಣ್ಣೆದುರಿಗೇ ಇದ್ದದ್ದು ಕಾಣಲು ಅವನಿಗೆ ಇಷ್ಟು ಕಾಲ ಬೇಕಾಯಿತೇ ಎಂದ. ಕತೆ ಬಹಳ ಚೆನ್ನಾಗಿತ್ತು, ಇನ್ನೊಂದು ಆಗಲಿ ಎಂದು ಕಾಲು ಮಡಚಿ ಸರಿಯಾಗಿ ಕುಳಿತ. ಮಠದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಬಾಗಿಲ ಬಳಿ ಅವನದೊಂದೇ ಜೊತೆ ಚಪ್ಪಲಿ ಇತ್ತು.

ಅಜ್ಜನವರು ದೀಪದ ಬತ್ತಿ ತಗ್ಗಿಸುತ್ತ ಕೇಳಿದರು:

"ಅದಿರಲಿ ಗದಿಗೆಪ್ಪಾ, ನಿನ್ನ ಹೆಂಡತಿ ಉಂಡಳೇ?"

ಗದಿಗೆಪ್ಪ ಮಡಚಿದ ಕಾಲು ಬಿಡಿಸಿ ಎದ್ದು, ಚಪ್ಪಲಿ ಮೆಟ್ಟಿಕೊಂಡು ಮನೆಯ ದಾರಿ ಹಿಡಿದ.