ಕಟ್ಟೆಯ ಮೇಲಿನ ಪಾಠ

ಎಲ್ಲರೂ ಕೂತಿರಾ? ಹಿಂದೆ ನಿಂತವರು ಮುಂದೆ ಬನ್ನಿ, ಜಾಗ ಇದೆ. ಈ ಕಥೆಯನ್ನು ಯಾರೂ ದೂರ ನಿಂತು ಕೇಳಬಾರದು. ಯಾಕೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ.

ಒಂದು ರಾಜ್ಯವಿತ್ತು. ಅಲ್ಲಿ ಊರಿಗೊಂದು ಕೆರೆ, ಕೆರೆಗೊಂದು ತೂಬು, ತೂಬಿಗೊಂದು ಮರದ ಬಾಗಿಲು. ಬಾಗಿಲು ಎತ್ತಿದರೆ ಗದ್ದೆಗೆ ನೀರು. ಎತ್ತಲಾಗದಿದ್ದರೆ ಗದ್ದೆ ಒಣಗಿದಂತೆಯೇ. ಈ ಬಾಗಿಲು ಮಾಡುವ ವಿದ್ಯೆ ಕಲಿಸಲು ರಾಜಧಾನಿಯಲ್ಲಿ ಒಂದು ತೂಬುಶಾಲೆ ಇತ್ತು. ಮರಗೆಲಸ, ಲೆಕ್ಕ ಎಲ್ಲ ಊರಲ್ಲೇ ಕಲಿತವರು ಹೆಚ್ಚಿನ ವಿದ್ಯೆಗೆ ಅಲ್ಲಿಗೆ ಬರುತ್ತಿದ್ದರು. ಬರುತ್ತಿದ್ದವರೆಲ್ಲ ಹಳೆಯ ಅಧಿಕಾರಿಗಳ ಮನೆಯ ಗಂಡುಮಕ್ಕಳೇ. ಬೇರೆಯವರಿಗೆ ಪ್ರವೇಶವಿರಲಿಲ್ಲ.

ಹೊಸ ರಾಜ ಪಟ್ಟಕ್ಕೆ ಬಂದ. "ಕೆರೆ ನೀರು ಎಲ್ಲ ಕೇರಿಯವರೂ ಕುಡೀತಾರೆ. ತೂಬು ಮಾಡೋದು ಮಾತ್ರ ಒಂದೇ ಕೇರಿಯವರಾ? ಗಂಡಾಗಲಿ ಹೆಣ್ಣಾಗಲಿ, ಬುದ್ಧಿ ಇದ್ದವರೆಲ್ಲ ಬರಲಿ" ಎಂದು ಡಂಗುರ ಹೊಡೆಸಿದ. ಶಾಲೆಯ ಗುರು ನಾಗರಸ ಕೈಮುಗಿದು, "ಅಪ್ಪಣೆ ಮಹಾಪ್ರಭು" ಅಂದ. ಶಾಲೆಯ ಬಾಗಿಲನ್ನು ಹಾರುಹೊಡೆದು ತೆರೆದ.

ಮೊದಲ ವರ್ಷ ನೇಕಾರರ ಸಂಗಯ್ಯ ಬಂದ. ಶ್ರದ್ಧೆಯಿಂದ ಕಲಿತ. ಪರೀಕ್ಷೆಯ ದಿನ ರಾಜನೆದುರು ಹಲಗೆ ಕೊಯ್ದು ಬಾಗಿಲು ಮಾಡಿ, ಕಲ್ಲುತೊಟ್ಟಿಯ ನೀರಿನಲ್ಲಿ ಇಳಿಸಿದ. ಮರುದಿನ ಅದನ್ನು ಒಂದೇ ಕೈಯಲ್ಲಿ ಎತ್ತಬೇಕು. ಎರಡು ಕೈ ಹಾಕಿದ, ಕಾಲು ಕೊಟ್ಟು ಎಳೆದ. ಬಾಗಿಲು ಅಲುಗಲಿಲ್ಲ. ಗಂಟು ಕಟ್ಟಿಕೊಂಡು ಹೊರಟ.

ಎರಡನೆಯ ವರ್ಷ ಕುರುಬರ ಬೀರಣ್ಣ ಬಂದ. ಅವನ ಬಾಗಿಲೂ ಅಲುಗಲಿಲ್ಲ. ಅಧಿಕಾರಿಗಳ ಮನೆಯ ಹುಡುಗರ ಬಾಗಿಲುಗಳು ಮಾತ್ರ ಸಲೀಸಾಗಿ ಎದ್ದವು. ಅವನೂ ಹೊರಟ.

"ಪಾಠ ಎಲ್ಲರಿಗೂ ಒಂದೇ ಪ್ರಭು. ಏನು ಮಾಡೋದು, ಕೈಗೆ ಬರಬೇಕಲ್ಲ!" ಎಂದು ನಾಗರಸ ರಾಗ ಎಳೆದ. ರಾಜನಿಗೂ ಬೇಸರವಾಯಿತು. "ಇನ್ನೊಬ್ಬರನ್ನು ನೋಡೋಣ. ಅವರೂ ಸೋತರೆ ಹಳೇ ಪದ್ಧತಿಯೇ ಇರಲಿ" ಅಂದುಬಿಟ್ಟ.

ಮೂರನೆಯ ವರ್ಷ ಬಂದವಳು ಕುಂಬಾರರ ನಿಂಗಾಜಿ. ಅವಳು ಸೋತರೆ ಅವಳೊಬ್ಬಳ ಸೋಲಲ್ಲ. ಅವಳ ಹಿಂದೆ ಬರಲು ಕಾದಿದ್ದ ಎಲ್ಲ ಕೇರಿಗಳ ಮಕ್ಕಳಿಗೂ ಬಾಗಿಲು ಮುಚ್ಚಿದಂತೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶಾಲೆಯಲ್ಲಿ ಒಂದು ರೂಢಿ. ಹಗಲು ಪಾಠ ಎಲ್ಲರಿಗೂ. ಸಂಜೆ ಊಟವಾದ ಮೇಲೆ ನಾಗರಸ ಅರಳಿಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದ. ಹಳೆ ಮನೆಗಳ ಹುಡುಗರು ಸುತ್ತ ಕೂರುತ್ತಿದ್ದರು. ಹೊಸಬರನ್ನು ಬರಬೇಡಿ ಎಂದು ಯಾರೂ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ.

ನಿಂಗಾಜಿ ಮೊದಲ ಸಂಜೆ ಕಟ್ಟೆಯ ಹತ್ತಿರ ಹೋದಳು. ಎಲ್ಲರೂ ಬಾಯಿ ಮುಚ್ಚಿಕೊಂಡರು. ಎರಡನೆಯ ಸಂಜೆ ಹೋದಳು. ಮಾತು ಯಾರದೋ ಮದುವೆಯ ಕಡೆ ತಿರುಗಿತು. ಮೂರನೆಯ ಸಂಜೆ ಹೋದಳು. "ನಿದ್ದೆ ಬಂತಪ್ಪ" ಎಂದು ಆಕಳಿಸುತ್ತ ಎಲ್ಲರೂ ಎದ್ದರು. ಸೂರ್ಯ ಇನ್ನೂ ಮುಳುಗಿರಲಿಲ್ಲ ನೋಡಿ! ಅವಳ ಕಣ್ಣಲ್ಲಿ ನೀರು ಬಂತು. ಬರದೆ ಇರುತ್ತದೆಯೇ? ಆದರೆ ಅಳುತ್ತಾ ಕೂರುವ ಪೈಕಿ ಅಲ್ಲ ಅವಳು. ಹಗಲಿನ ಪಾಠದಲ್ಲಿ ಇಲ್ಲದ್ದೇನೋ ಕಟ್ಟೆಯ ಮೇಲೆ ನಡೆಯುತ್ತಿದೆ ಎಂದು ಖಾತ್ರಿ ಮಾಡಿಕೊಂಡಳು.

ಬಿಡುವಿನ ದಿನ ಸಂಗಯ್ಯನನ್ನೂ ಬೀರಣ್ಣನನ್ನೂ ಹುಡುಕಿ, ಒಂದು ಕಡೆ ಕೂರಿಸಿದಳು. ಅಲ್ಲಿಯವರೆಗೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಅಣ್ಣಾ, ಇಳಿಸುವಾಗ ನಿಮ್ಮ ಬಾಗಿಲು ಸರಿಯಾಗಿತ್ತಾ?"

"ಬೆಣ್ಣೆ ಹಾಗೆ ಜಾರಿತು. ಬೆಳಗಾಗೋ ಹೊತ್ತಿಗೆ ಹಾಳಾದ್ದು ಕಚ್ಚಿಕೊಂಡುಬಿಟ್ಟಿತ್ತು" ಅಂದ ಸಂಗಯ್ಯ.

"ನಂದೂ ಹಾಗೇ" ಅಂದ ಬೀರಣ್ಣ. "ಒಂದು ಮಾತು ಕಣವ್ವಾ. ಹಳೇ ಮನೆ ಹುಡುಗರ ಹಲಗೆಗಳು ಪರೀಕ್ಷೆ ದಿನ ಒದ್ದೆ ಇದ್ದವು. ಮಡಿಗೆ ಅಂತ ತೊಳೆದಿರಬೇಕು ಅಂದುಕೊಂಡೆ."

ಸಂಗಯ್ಯ ತಲೆ ಕೆರೆದುಕೊಂಡ. "ನಮ್ಮ ಮಗ್ಗದ ಹಗ್ಗ ಮಳೆಗೆ ನೆನೆದರೆ ಬಿಗಿದುಕೊಳ್ಳುತ್ತೆ."

"ನಮ್ಮ ಮಡಕೆ ಒಣಗಿದರೆ ಕುಗ್ಗುತ್ತೆ. ಅದಕ್ಕೇ ಹಸಿಯಲ್ಲಿ ತುಸು ದೊಡ್ಡದು ಮಾಡ್ತೀವಿ" ಅಂದಳು ನಿಂಗಾಜಿ. ಅಂದವಳು ಎದ್ದು ನಿಂತಳು. "ಅಯ್ಯೋ! ಮರ ನೀರು ಕುಡಿದು ಊದಿಕೊಳ್ಳುತ್ತೆ. ಮೊದಲೇ ನೆನೆಸಿ ಆಮೇಲೆ ಕೊಯ್ಯಬೇಕು. ಕಟ್ಟೆ ಮೇಲೆ ಹೇಳಿಕೊಡೋದು ಇದನ್ನೇ!"

"ಹಾಗಾದ್ರೆ ನೀನು ಗುಟ್ಟಾಗಿ ನೆನೆಸು, ಗೆದ್ದು ಬಾ" ಅಂದ ಬೀರಣ್ಣ.

"ನಾನು ಗೆಲ್ತೀನಿ ಅಣ್ಣಾ. ನನ್ನ ಹಿಂದೆ ಬರೋರ ಗತಿ? ನೀವಿಬ್ಬರೂ ಪರೀಕ್ಷೆ ದಿನ ಬನ್ನಿ, ಸಾಕು."

ಪರೀಕ್ಷೆಯ ದಿನ ನಿಂಗಾಜಿ ಬೇಕೆಂದೇ ಒಣ ಹಲಗೆ ಹಿಡಿದು ಬಂದಳು. ಪಕ್ಕದಲ್ಲಿ ನಾಗರಸನ ತಮ್ಮನ ಮಗ ಬೊಮ್ಮರಸ, ಅವನ ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಿಂಗಾಜಿ ರಾಜನಿಗೆ ಕೈಮುಗಿದು ಗುರುವಿನ ಕಡೆ ತಿರುಗಿದಳು.

"ಗುರುಗಳೇ, ನಮಗೆಲ್ಲ ಒಂದೇ ಪಾಠ ಹೇಳಿದ್ದೀರಿ ಅಲ್ವಾ?"

"ಒಂದೇ."

"ಏನೂ ಮುಚ್ಚಿಟ್ಟಿಲ್ಲ?"

"ಎಳ್ಳಷ್ಟೂ ಇಲ್ಲ. ಹಲಗೆಯೂ ಒಂದೇ ಮರದ್ದು."

"ಹಾಗಾದರೆ ನನ್ನ ಹಲಗೆ ಬೊಮ್ಮರಸನಿಗೆ ಕೊಡ್ತೀನಿ, ಅವನದು ನಾನು ತಗೋತೀನಿ. ವ್ಯತ್ಯಾಸ ಇಲ್ಲವಲ್ಲ?"

ನಾಗರಸ ಇಕ್ಕಟ್ಟಿಗೆ ಸಿಕ್ಕಿದ. ಒಪ್ಪಿದರೆ ಮನೆಯ ಹುಡುಗ ಸೋಲುತ್ತಾನೆ. ಒಪ್ಪದಿದ್ದರೆ ಗುಟ್ಟು ಬಯಲಾಗುತ್ತದೆ. ಅವನು ಯೋಚಿಸುತ್ತಿರುವಾಗಲೇ ನಿಂಗಾಜಿ ಒಣ ಹಲಗೆಯನ್ನು ಬೊಮ್ಮರಸನ ಕೈಗೆ ಇಟ್ಟಳು. ಅವನು ಕೆಂಡ ಮುಟ್ಟಿದವನಂತೆ ಬೀಳಿಸಿದ.

"ಬೇಡ ದೊಡ್ಡಪ್ಪಾ! ಇದನ್ನು ನೆನೆಸೇ ಇಲ್ಲ! ನಾಳೆ ಕಚ್ಚಿಕೊಳ್ಳುತ್ತೆ, ನೀವೇ ಹೇಳಿದ್ದಿರಲ್ಲಾ ಕಟ್ಟೆ ಮೇಲೆ!"

ರಾಜ ಸಿಂಹಾಸನದಿಂದ ಇಳಿದ. ಸಂಗಯ್ಯನನ್ನು ನೋಡಿದ, ಬೀರಣ್ಣನನ್ನು ನೋಡಿದ, ಕೊನೆಗೆ ನಾಗರಸನನ್ನು ನೋಡಿದ.

"ನಾನು ಬಾಗಿಲು ತೆಗೆಸಿದೆ. ನೀನು ಪಾಠವನ್ನೇ ಕಟ್ಟೆ ಹತ್ತಿಸಿದೆ."

ರಾಜ ಚಾವಟಿ ತರಿಸಲಿಲ್ಲ, ಗಡೀಪಾರೂ ಮಾಡಲಿಲ್ಲ. ಎಲ್ಲರೂ ಹಲಗೆ ನೆನೆಸಿ ಮತ್ತೆ ಪರೀಕ್ಷೆ ಕೊಡಲಿ ಎಂದ. ಸಂಗಯ್ಯ ಎತ್ತಿದ, ಬೀರಣ್ಣ ಎತ್ತಿದ, ನಿಂಗಾಜಿ ಎಡಗೈಯಲ್ಲೇ ಎತ್ತಿದಳು. ಬೊಮ್ಮರಸನೂ ಎತ್ತಿದ, ಅದಕ್ಕೇನಂತೆ. ಶಾಲೆಯ ಹಿರಿತನ ನಿಂಗಾಜಿಗೆ ಬಂತು. ನಾಗರಸನಿಗೆ ಒಂದೇ ಶಿಕ್ಷೆ: ಇನ್ನು ಮೇಲೆ ಸಂಜೆ ಕಟ್ಟೆಗೆ ಎಲ್ಲರೂ ಬರಬೇಕು, ಅವನು ಎಲ್ಲರಿಗಿಂತ ಕೊನೆಗೆ ಬರಬೇಕು. ಯಾರಾದರೂ ಸರಿದು ಜಾಗ ಕೊಟ್ಟರೆ ಮಾತ್ರ ಕೂರಬೇಕು.

ಪರೀಕ್ಷೆ ಮುಗಿದ ಸಂಜೆ ಕಟ್ಟೆ ತುಂಬಿತ್ತು. ನಾಗರಸ ಬಂದು ನಿಂತ. ಮಾತು ನಿಂತಿತು. ಒಬ್ಬ ಮದುವೆಯ ಸುದ್ದಿ ತೆಗೆದ. ಇನ್ನೊಬ್ಬ ಆಕಳಿಸಿದ. ಮುದುಕನ ಮುಖ ಸಣ್ಣದಾಯಿತು. ಅಲ್ಲಿ ನಿಲ್ಲುವುದು ಹೇಗಿರುತ್ತದೆ ಎಂದು ಅವನಿಗೆ ಈಗ ತಿಳಿಯಿತು.

ನಿಂಗಾಜಿ ಪಕ್ಕಕ್ಕೆ ಸರಿದಳು. "ಬನ್ನಿ ಗುರುಗಳೇ, ಕೂತ್ಕೊಳ್ಳಿ. ಮರ ಎಷ್ಟು ದಿನ ನೆನೀಬೇಕು, ಎಲ್ಲರಿಗೂ ಕೇಳೋ ಹಾಗೆ ಹೇಳಿ."

ನಾಗರಸ ಕೂತ. ಹೇಳಿದ. ಅಂದಿನಿಂದ ಆ ರಾಜ್ಯದಲ್ಲಿ ತೂಬಿನ ಬಾಗಿಲು ಕಚ್ಚಿಕೊಂಡಿದ್ದಿಲ್ಲ.

ಕಥೆಯ ನೀತಿ ಇಷ್ಟೇ: ಬಾಗಿಲು ತೆಗೆದರೆ ಸಾಲದು, ಬಂದವರಿಗೆ ಸರಿದು ಜಾಗ ಕೊಡಬೇಕು. ನಿಮ್ಮ ಕಟ್ಟೆಯ ಪಕ್ಕ ಯಾರಾದರೂ ನಿಂತಿದ್ದಾರಾ, ಒಮ್ಮೆ ತಿರುಗಿ ನೋಡಿ.